‘ಕೊಲೆಸ್ಟರಾಲ್ ಇಲ್ಲ’ ಎಂಬ ಸಮಾಧಾನ

ಅಡುಗೆ ಎಣ್ಣೆಯ ಪೊಟ್ಟಣದ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿರುವುದನ್ನು ಕಂಡಾಗಲೆಲ್ಲ ನನ್ನೊಳಗಿನ ವಿಜ್ಞಾನದ ಮೇಷ್ಟರು ಕೆಂಪು ಶಾಯಿಯ ಲೇಖನಿಗಾಗಿ ತಡಕಾಡುತ್ತಾರೆ. ವಾಕ್ಯ ಸುಳ್ಳಲ್ಲ, ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಸಸ್ಯಜನ್ಯವಾದ ಯಾವ ಎಣ್ಣೆಯಲ್ಲಿಯೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದೇ ಇಲ್ಲ.

“ನಾವು ಸಸ್ಯಾಹಾರಿಗಳು, ನಮಗೆಲ್ಲಿಯ ಕೊಲೆಸ್ಟರಾಲ್?” ಎನ್ನುವವರು ನಮ್ಮ ಬಂಧುವರ್ಗದಲ್ಲಿ ಬಹಳ ಮಂದಿ. ದೇಹದ ಕೊಲೆಸ್ಟರಾಲಿನ ಬಹುಪಾಲು ದೇಹದೊಳಗೇ ತಯಾರಾಗುತ್ತದೆ. ಅದರಲ್ಲಿ ಯಕೃತ್ತಿನ ಪಾತ್ರ ದೊಡ್ಡದು. ಊಟದಲ್ಲಿ ಪರ್ಯಾಪ್ತ ಕೊಬ್ಬು (ವೈದ್ಯರು ಸ್ಯಾಚುರೇಟೆಡ್ ಫ್ಯಾಟ್ ಎನ್ನುವುದು ಇದನ್ನೇ) ಹೆಚ್ಚಾದರೆ, ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ತೆಗೆಯುವ ಯಕೃತ್ತಿನ ಸಾಮರ್ಥ್ಯ ಕುಗ್ಗುತ್ತದೆ. ತೆಂಗಿನೆಣ್ಣೆಯಲ್ಲಿ ಈ ಕೊಬ್ಬು ಸುಮಾರು ಶೇ. 90, ತುಪ್ಪದಲ್ಲಿ 60ಕ್ಕೂ ಮೇಲೆ, ತಾಳೆ ಎಣ್ಣೆಯಲ್ಲಿ 50ರ ಆಸುಪಾಸು. ಕಡಲೆಕಾಯಿ ಎಣ್ಣೆಯಲ್ಲಾದರೋ 20ರ ಒಳಗೆ. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳಲ್ಲಿ ಓದಬೇಕಾದದ್ದು ಈ ಅಂಕಿಯನ್ನು.

ಎಣ್ಣೆಗೆ ಜಲಜನಕ ಸೇರಿಸಿ ವನಸ್ಪತಿ ಮಾಡುವ ಕ್ರಿಯೆಯನ್ನೂ, ಅದಕ್ಕೆ ನಿಕ್ಕಲ್ ಕ್ರಿಯಾವರ್ಧಕವೆಂಬುದನ್ನೂ ನಿಮ್ಮಿಂದ ಬಾಯಿಪಾಠ ಮಾಡಿಸಿದ್ದೆ. ಆ ಕ್ರಿಯೆ ಅರ್ಧಕ್ಕೆ ನಿಂತಾಗ ಉಳಿಯುವ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು. ಎಣ್ಣೆ, ವನಸ್ಪತಿಗಳಲ್ಲಿ ಅದು ಶೇ. 2ನ್ನು ಮೀರಕೂಡದೆಂಬ ನಿಯಮ 2022ರ ಜನವರಿಯಿಂದ ನಮ್ಮ ದೇಶದಲ್ಲಿದೆ. ಹಾಗೆಂದು ಬೇಕರಿಯ ಪಫ್ ಪಥ್ಯದ ಆಹಾರವಾಗಲಿಲ್ಲ. ಪರ್ಯಾಪ್ತ ಕೊಬ್ಬು ಅಲ್ಲಿಯೇ ಇದೆ.

ಓಟ್ಸ್, ಬಾರ್ಲಿ, ಬೇಳೆಕಾಳು, ಬೆಂಡೆ, ಸೀಬೆಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದುಕೊಂಡು ಹೊರಹೋಗುತ್ತದೆ. ಹೊಸ ಪಿತ್ತಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕಾಗುತ್ತದೆ. ಎಷ್ಟು ಸೊಗಸಾದ ಏರ್ಪಾಡು! ನಡಿಗೆಯೂ ಬೇಕು, ವಾರಕ್ಕೆ 150 ನಿಮಿಷವಾದರೂ. ಅದರ ಫಲ ಎಲ್‌ಡಿಎಲ್‌ಗಿಂತ ಟ್ರೈಗ್ಲಿಸರೈಡ್‌ನಲ್ಲಿ ಹೆಚ್ಚು ಕಾಣುತ್ತದೆ.

ಇಷ್ಟೆಲ್ಲ ಹೇಳಿದ್ದು ನಿಮ್ಮಲ್ಲಿ ಕೆಲವರು, “ಸಾರ್, ಪಥ್ಯ ಹಿಡಿದು ಮಾತ್ರೆ ಬಿಟ್ಟೆ” ಎಂದು ಹೆಮ್ಮೆಯಿಂದ ಬರೆಯುತ್ತಿರುವುದರಿಂದ. ಪಥ್ಯದಿಂದ ಎಲ್‌ಡಿಎಲ್ ಸಾಮಾನ್ಯವಾಗಿ ಶೇ. 10–15ರಷ್ಟು ಇಳಿದೀತು; ಸ್ಟಾಟಿನ್ ಮಾತ್ರೆಯಿಂದ, ಅದರ ಪ್ರಮಾಣಕ್ಕೆ ತಕ್ಕಂತೆ, 30ರಿಂದ 50. ಒಮ್ಮೆ ಹೃದಯಾಘಾತವಾದವರಿಗೆ ಈ ಅಂತರವೇ ಪ್ರಾಣದ ಪ್ರಶ್ನೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಎಲ್‌ಡಿಎಲ್ 190 ದಾಟಿದ್ದು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತಗಳಿದ್ದರೆ ಅದು ವಂಶವಾಹಿಯ ದೋಷವೂ ಆಗಿರಬಹುದು. ಅಂಥವರು ಮಕ್ಕಳ ರಕ್ತವನ್ನೂ ಈಗಲೇ ಪರೀಕ್ಷೆ ಮಾಡಿಸಿ.