ಪಹಣಿಯಲ್ಲಿ ಉಳಿದ ಹೆಸರು
ಯಂತ್ರ ನಿಂತರೆ ಫ್ಯೂಸ್ ಬದಲಿಸಿ ಸುಮ್ಮನಾಗಬೇಡಿ, ‘ಏಕೆ’ ಎಂದು ಐದು ಸಲ ಕೇಳಿ ಎಂದವರು ಟೊಯೋಟಾದ ತೈಚಿ ಓನೊ. ಪಾವಗಡದ ಸೋಲಾರ್ ಪಾರ್ಕಿನ ಜಮೀನಿನ ಕಥೆಯನ್ನೂ ಹಾಗೆಯೇ ಬಿಡಿಸಬಹುದು. ದೊಡ್ಡ ಯೋಜನೆಗಳು ಏಕೆ ಕುಂಟುತ್ತವೆ? ಜಮೀನು ಸಿಗದೆ. ರೈತ ಏಕೆ ಕೊಡುವುದಿಲ್ಲ? ಬೆಲೆ ಸಾಲದು ಎಂಬುದು ಕಚೇರಿಗಳ ಸಿದ್ಧ ಉತ್ತರ. ಇನ್ನೂ ಒಂದು ‘ಏಕೆ’ ಕೆದಕಿದರೆ ಬೇರೆಯದೇ ಸಿಗುತ್ತದೆ: ಮಳೆ ಕೈಕೊಟ್ಟ ಹೊಲವಾದರೂ ಸರಿ, ಪಹಣಿಯಿಂದ ಹೆಸರು ಅಳಿಯಬಾರದು. ಹಾಗಾಗಿ ಪಾರ್ಕ್ ಕಟ್ಟಿದವರು ರಾಯಚರ್ಲು, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು ಗ್ರಾಮಗಳ ಸುಮಾರು 13,000 ಎಕರೆಯನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. 2018ರಲ್ಲಿ ಉದ್ಘಾಟನೆಯೂ ಆಯಿತು, ಪೂರ್ಣಗೊಂಡ ಮೇಲೆ ಸಾಮರ್ಥ್ಯ 2,050 ಮೆಗಾವಾಟ್. ಜಾಣ ಪರಿಹಾರವೇ, ತಕರಾರಿಲ್ಲ. ಆದರೆ ಪ್ರಶ್ನೆ ಕೇಳಿದ್ದು ಪಹಣಿ ಇದ್ದವರನ್ನು. ಅದೇ ಹೊಲಗಳಲ್ಲಿ ಶೇಂಗಾ ಕಿತ್ತು, ಬೀಳಿನಲ್ಲಿ ಕುರಿ ಮೇಯಿಸಿ ಬದುಕಿದ್ದ ಭೂಹೀನರಿಗೆ ಗುತ್ತಿಗೆ ಹಣದಲ್ಲಿ ಪಾಲೆಲ್ಲಿ? ಕೂಲಿ ಹೋದದ್ದು ಏಕೆ ಎಂದು ಯಾರಾದರೂ ಶುರು ಮಾಡಿದ್ದರೆ ಐದನೆಯ ಪ್ರಶ್ನೆಗೆ ಮುಂಚೆಯೇ ಕಡತ ಮತ್ತೆ ತೆರೆಯಬೇಕಾಗುತ್ತಿತ್ತು. ಪಾರ್ಕಿನಲ್ಲಿ ಸೋಲಾರ್ ಫಲಕ ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಅಷ್ಟೂ ಕೈಗಳಿಗೆ ಸಾಲುವಂಥದ್ದಲ್ಲ.