ಗುಂಡಿ ಒತ್ತಿದರೆ ಬರೀ ‘ಟಕ್’



ಕಳೆದ ಸಂಚಿಕೆಯಲ್ಲಿ ಮಾವಿನ ಮಿಡಿಗೆ ಎಷ್ಟು ಉಪ್ಪು ಬೇಕೆಂದು ಬರೆದಿದ್ದೆ. ಓದಿದವರು ಎಷ್ಟು ಮಂದಿಯೋ, ಹಾಕಿ ನೋಡಿದವರಂತೂ ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಈ ಸಲವೂ ಉಪ್ಪಿನದೇ ಸಂಗತಿ. ಆದರೆ ಇದು ಭರಣಿಯ ಉಪ್ಪಲ್ಲ, ಸಮುದ್ರದ್ದು.

ನವರಾತ್ರಿಗೆ ಇನ್ನು ಐದು ದಿನ ಎನ್ನುವಾಗ ಒಂದು ರಾತ್ರಿ ಮಲ್ಪೆಯಿಂದ ನನ್ನ ತಮ್ಮನ ಮಗನ ಫೋನು ಬಂತು. ಅವನೂ ಅವನ ಗೆಳೆಯನೂ ಸೇರಿ ಸೊಸೈಟಿಯಲ್ಲಿ ಸಾಲ ಮಾಡಿ ಹಳೆಯದೊಂದು ಜೆಟ್ ಸ್ಕೀ ಕೊಂಡಿದ್ದಾರೆ. ನೀವು ಗೋವಾದಲ್ಲೋ ಮಾಲ್ವಣದಲ್ಲೋ ನೋಡಿರುತ್ತೀರಿ, ನೀರಿನ ಮೇಲೆ ಓಡುವ ಸ್ಕೂಟರು. (‘ಜೆಟ್ ಸ್ಕೀ’ ಎನ್ನುವುದು ನಿಜಕ್ಕೂ ಕವಾಸಾಕಿಯವರ ಗಾಡಿಯ ಹೆಸರು. ವನಸ್ಪತಿಗೆಲ್ಲ ನಾವು ಡಾಲ್ಡಾ ಎಂದ ಹಾಗೆ ಈಗ ಎಲ್ಲದಕ್ಕೂ ಅದೇ ಹೆಸರು.) ಮಳೆಗಾಲದಲ್ಲಿ ಸಮುದ್ರದ ಆಟವೆಲ್ಲ ಬಂದ್. ಜೂನಿನಿಂದ ಗಾಡಿ ಶೆಡ್ಡಿನಲ್ಲಿ ಮಲಗಿತ್ತು. ದಸರಾ ರಜೆಯ ಹತ್ತು ಹದಿನೈದು ದಿನವೇ ಅವರಿಗೆ ಸುಗ್ಗಿ, ಅದರಲ್ಲೇ ಮೂರು ತಿಂಗಳ ಕಂತು ಹೊರಡಬೇಕು.

“ಅತ್ತೆ, ಗುಂಡಿ ಒತ್ತಿದರೆ ಬರೀ ಟಕ್ ಅನ್ನುತ್ತದೆ, ಇಂಜಿನು ತಿರುಗೂದೇ ಇಲ್ಲ. ಮೆಕ್ಯಾನಿಕ್ ಸ್ಟಾರ್ಟರ್ ಮೋಟರ್ ಹೋಗಿದೆ ಅಂತಾರೆ. ಹೊಸದಕ್ಕೆ ಇಪ್ಪತ್ತೆಂಟು ಸಾವಿರ, ಅದೂ ಬರಲಿಕ್ಕೆ ಮೂರು ವಾರ ಉಂಟಂತೆ. ನೀವು ಸ್ವಲ್ಪ ದುಡ್ಡು...” ಎಂದು ರಾಗ ಎಳೆದ.

ದುಡ್ಡಿನ ಮಾತು ಬಂದ ಕೂಡಲೇ ನಮ್ಮವರು ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿಕೊಂಡರು. ನಾನು, “ಗಾಡಿಯ ಪುಸ್ತಕ ಉಂಟಾ?” ಎಂದು ಕೇಳಿದೆ. ಉಂಟು, ಆದರೆ ಇಂಗ್ಲಿಷಿನಲ್ಲಿ, ಮುನ್ನೂರು ಪುಟ. ಅವನು ಓದಿದ್ದು ಹತ್ತನೆಯವರೆಗೂ ಕನ್ನಡ ಮಾಧ್ಯಮ. ಯಂತ್ರದ ಮುಂದೆ ಅವನ ಕೈ ತಡವರಿಸುವುದಿಲ್ಲ, ಪುಸ್ತಕದ ಮುಂದೆ ತಡವರಿಸುತ್ತದೆ. “ಸ್ಟಾರ್ಟಿಂಗ್ ಅನ್ನುವ ಅಧ್ಯಾಯದ ಫೋಟೋ ತೆಗೆದು ಕಳಿಸು. ದುಡ್ಡಿನ ವಿಚಾರ ಆಮೇಲೆ,” ಎಂದೆ.

ಮೂವತ್ತು ವರ್ಷಗಳ ಹಿಂದೆ ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳಿಗೆ ಆ ವಿದ್ಯೆ ಈವರೆಗೆ ಬಂದ ಉಪಯೋಗವೆಂದರೆ ಬ್ಯಾಂಕಿನ ಫಾರಂ ತುಂಬುವುದು, ನಿಮ್ಮಂಥ ಮಕ್ಕಳ ಪ್ರಬಂಧ ತಿದ್ದುವುದು. ಶೇಕ್ಸ್‌ಪಿಯರನ ನಾಟಕ ಓದಿದವಳು ಸೊಲೆನಾಯ್ಡ್ ಎಂಬ ಶಬ್ದದ ಮುಂದೆ ಬೆಪ್ಪಾಗಿ ಕುಳಿತೆ. ಆದರೆ ಎರಡು ಸಲ ಓದಿದ ಮೇಲೆ ವಿಷಯ ಬಹಳ ಸರಳ ಎನಿಸಿತು.

ಈ ಗಾಡಿಗೆ ಕಿಕ್ ಇಲ್ಲ, ದೂಡಿ ಸ್ಟಾರ್ಟ್ ಮಾಡುವ ಉಪಾಯವೂ ಇಲ್ಲ. ಬ್ಯಾಟರಿಯೇ ಗತಿ. ಹಿಡಿಕೆಯ ಮೇಲಿನ ಗುಂಡಿ ಒತ್ತಿದಾಗ ಹರಿಯುವುದು ತೀರ ಸಣ್ಣ ಕರೆಂಟು. ಅದು ರಿಲೇ ಎಂಬ ಪುಟ್ಟ ಡಬ್ಬಿಗೆ ಹೋಗಿ ಅಪ್ಪಣೆ ಕೊಡುತ್ತದೆ. ಒಳಗಿನ ದಪ್ಪ ತಾಮ್ರದ ತುಂಡುಗಳು ‘ಟಕ್’ ಎಂದು ಕೂಡಿಕೊಂಡು, ನೂರು ಆಂಪಿಯರಿನಷ್ಟು ದೊಡ್ಡ ಕರೆಂಟನ್ನು ಸ್ಟಾರ್ಟರ್ ಮೋಟರಿಗೆ ಬಿಡುತ್ತವೆ. ಕುರ್ಚಿಯಲ್ಲಿ ಕುಳಿತವರು ‘ಕಾಫಿ’ ಎನ್ನುತ್ತಾರೆ, ಒಲೆಯ ಮುಂದೆ ನಿಲ್ಲುವವರು ಬೇರೆ. ಹಾಗೇ ಇದೂ. (ಪೇಪರಿನ ಹಿಂದಿನಿಂದ ಕೆಮ್ಮು ಕೇಳಿಸಿತು.) ಮೋಟರಿಗೆ ಹೋದ ಕರೆಂಟು ಇಂಜಿನ್ನಿನ ಲೋಹದ ಮೈಯಿಂದ ಕಪ್ಪು ಕೇಬಲಿನ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳಬೇಕು. ಹೋಗುವ ದಾರಿಯಷ್ಟೇ ಬರುವ ದಾರಿಯೂ ಮುಖ್ಯ.

ಮೊದಲು ಕಿವಿ ಉಪಯೋಗಿಸಬೇಕು. ಒತ್ತಿದರೆ ಸದ್ದೇ ಇಲ್ಲವೆಂದರೆ ಅಪ್ಪಣೆಯ ದಾರಿಯಲ್ಲಿ ತೊಂದರೆ: ಫ್ಯೂಸು, ಗುಂಡಿ, ಇಲ್ಲವೇ ಕೈಗೆ ಕಟ್ಟಿಕೊಳ್ಳುವ ಹಗ್ಗದ ತುದಿಯ ಕ್ಲಿಪ್ಪು. ಸವಾರ ನೀರಿಗೆ ಬಿದ್ದರೆ ಹಗ್ಗ ಎಳೆದು ಕ್ಲಿಪ್ಪು ಕಳಚುತ್ತದೆ, ಇಂಜಿನು ನಿಲ್ಲುತ್ತದೆ. ಅದನ್ನು ಸಿಕ್ಕಿಸದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ನೀವು ಸವಾರಿಗೆ ಹೋದಾಗ ಫೋಟೋ ಚೆನ್ನಾಗಿ ಬರಲೆಂದು ಅದನ್ನು ಕೈಯಿಂದ ಬಿಚ್ಚಿಟ್ಟೀರಿ, ಜೋಕೆ. ‘ಟಕ ಟಕ ಟಕ’ ಎಂದು ಬೇಗ ಬೇಗ ಬಡಿದರೆ ಬ್ಯಾಟರಿಗೆ ಶಕ್ತಿ ಸಾಲದು, ಇಲ್ಲವೇ ಅದರ ತಲೆಯ ಹಿಡಿ ಸಡಿಲ. ಇಂಜಿನು ಗರಗರ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸ್ಟಾರ್ಟರನ್ನು ಬೈದು ಫಲವಿಲ್ಲ, ಪೆಟ್ರೋಲು ಮತ್ತು ಕಿಡಿಯ ಕಡೆ ನೋಡಬೇಕು. ನಮ್ಮದು ಒಂದೇ ‘ಟಕ್’. ಅಂದರೆ ಅಪ್ಪಣೆ ತಲುಪಿದೆ, ಕಾಫಿ ಬಂದಿಲ್ಲ.

ಮರುದಿನ ಬೆಳಿಗ್ಗೆ ಪರೀಕ್ಷೆ ಶುರು. ಅವನು ಶೆಡ್ಡಿನಲ್ಲಿ, ನಾನು ಡೊಂಬಿವಲಿಯ ಅಡುಗೆಮನೆಯಲ್ಲಿ, ನಡುವೆ ಫೋನು. ಮೊದಲು ಸೀಟು ತೆಗೆಸಿ ಅರ್ಧ ಗಂಟೆ ಗಾಳಿಯಾಡಲು ಬಿಡಿಸಿದೆ. ಹೊಟ್ಟೆಯೊಳಗೆ ಪೆಟ್ರೋಲಿನ ಆವಿ ಕುಳಿತಿದ್ದರೆ ಒಂದು ಕಿಡಿ ಸಾಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ರಿಲೇಯನ್ನು ದಾಟಿಸಿ ನೋಡುವ ಚಾಳಿ ಕೆಲವರಿಗಿದೆ. ಅದನ್ನೂ ಬೇಡವೆಂದೆ. ಇಂಜಿನ್ನಿನೊಳಗೆ ನೀರು ಸೇರಿ ಸಿಕ್ಕಿಕೊಂಡಿದ್ದರೂ ಒಂದೇ ‘ಟಕ್’ ಬರಬಹುದೆಂದು ಪುಸ್ತಕದಲ್ಲಿತ್ತು, ಆದರೆ ಅದಕ್ಕೆ ಮೀಟರೇ ಉತ್ತರ ಕೊಟ್ಟಿತು.

ಬ್ಯಾಟರಿಯನ್ನು ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿದ್ದ. ಸುಮ್ಮನಿರುವಾಗ 12.6 ವೋಲ್ಟು, ಅಂದರೆ ಹೊಟ್ಟೆ ತುಂಬಿದೆ. “ಈಗ ಮೀಟರ್ ಕಡ್ಡಿ ಅಲ್ಲೇ ಇಟ್ಟುಕೊಂಡು ಗುಂಡಿ ಒತ್ತು. ಎಷ್ಟಕ್ಕೆ ಇಳಿಯುತ್ತದೆ?”

“12.4, ಅತ್ತೆ. ಇಳಿಯಲೇ ಇಲ್ಲ. ಬ್ಯಾಟರಿ ಭಾರೀ ಗಟ್ಟಿ.”

ಅವನಿಗೆ ಸಂತೋಷ, ನನಗೆ ಅನುಮಾನ. ಮೋಟರು ನೂರು ಆಂಪಿಯರ್ ಎಳೆದರೆ ಒಳ್ಳೆಯ ಬ್ಯಾಟರಿಯೂ ಹತ್ತು ಹನ್ನೊಂದು ವೋಲ್ಟಿಗೆ ಬರಬೇಕು. ಒಂಬತ್ತೂವರೆಗಿಂತ ಕೆಳಗೆ ಹೋದರೆ ಬ್ಯಾಟರಿ ದುರ್ಬಲ. ಇಂಜಿನು ಸಿಕ್ಕಿಕೊಂಡಿದ್ದರಂತೂ ಮೋಟರು ಒದ್ದಾಡಿ ಇನ್ನೂ ಹೆಚ್ಚು ಎಳೆಯುತ್ತಿತ್ತು. ಇಲ್ಲಿ ಯಾರೂ ಏನನ್ನೂ ಎಳೆಯುತ್ತಿಲ್ಲ. ದಾರಿ ಎಲ್ಲೋ ಕಟ್ಟಿದೆ.

ಇಲ್ಲಿ ನನಗೊಂದು ಭಾಷೆಯ ಕಷ್ಟ ಬಂತು. ಪುಸ್ತಕದಲ್ಲಿ ‘ಓಪನ್ ಸರ್ಕ್ಯೂಟ್’ ಇದೆಯೇ ನೋಡಿ ಎಂದಿತ್ತು. ನಲ್ಲಿ ಓಪನ್ ಆದರೆ ನೀರು ಬರುತ್ತದಲ್ಲವೇ? ಹಾಗಾದರೆ ಓಪನ್ ಇದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಅವನಿಗೂ ಹಾಗೆಯೇ ಹೇಳಿದೆ. ಅವನು ನಕ್ಕ. “ಅದು ತೆರೆದ ಮಂಡಲ ಅತ್ತೆ. ತೆರೆದರೆ ಕರೆಂಟು ಹೋಗೂದಿಲ್ಲ. ಹತ್ತನೇ ಕ್ಲಾಸಿನ ಪಾಠದಲ್ಲಿ ಉಂಟಲ್ಲ.” ಅಷ್ಟರಲ್ಲಿ ಕಾಲೇಜಿಗೆ ಹೊರಟಿದ್ದ ನನ್ನ ಮಗಳು ಬಾಗಿಲಲ್ಲೇ ನಿಂತು, “ಅಮ್ಮಾ, ನೀವಿಬ್ಬರೂ ಹುಡುಕ್ತಾ ಇರೋದು ವೋಲ್ಟೇಜ್ ಡ್ರಾಪ್,” ಎಂದಳು. ಓಮನ ನಿಯಮ ಅವಳಿಗೆ ಬಾಯಿಪಾಠ. ಆದರೆ ‘ರೆಸಿಸ್ಟೆನ್ಸ್’ಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಗೊತ್ತಿಲ್ಲ. “ರೋಧ” ಎಂದ ಇವನು ಮಲ್ಪೆಯಿಂದ. ‘ಪೊಟೆನ್ಷಿಯಲ್ ಡಿಫರೆನ್ಸ್’? “ವಿಭವಾಂತರ.” ಇಬ್ಬರಿಗೂ ಒಂದೇ ಪಾಠ ಬರುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಿಂದ ರಜೆಗೆ ಊರಿಗೆ ಹೋದಾಗಲೆಲ್ಲ ಅವಳು ಫೋನಿನೊಳಗೆ, ಅವನು ಅಂಗಳದಲ್ಲಿ. ಮಾತು ಹೆಚ್ಚಿರಲಿಲ್ಲ. ಅವತ್ತು ಅವಳು ಮೊದಲ ಪಿರಿಯಡ್ ತಪ್ಪಿಸಿಕೊಂಡಳು. ನಾನು ಬೈಯಲಿಲ್ಲ.

ಅವಳು ವಿವರಿಸಿದ್ದು ಹೀಗೆ. ಸರಿಯಾದ ದಪ್ಪ ಕೇಬಲಿನಲ್ಲಿ ಎಷ್ಟು ಕರೆಂಟು ಹರಿದರೂ ಎರಡು ತುದಿಗಳ ನಡುವೆ ವೋಲ್ಟು ಹೆಚ್ಚು ಬೀಳಬಾರದು, ಅರ್ಧ ವೋಲ್ಟು ದಾಟಿದರೆ ಅನುಮಾನಿಸಬೇಕು. ರೋಧ ಬರೀ 0.03 ಓಮ್ ಇದ್ದರೂ, ನೂರು ಆಂಪಿಯರ್ ಹರಿಯುವಾಗ ಮೂರು ವೋಲ್ಟು ಅಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಗುಂಡಿ ಒತ್ತಿಕೊಂಡೇ ಅಳೆಯಬೇಕು. ಕಡ್ಡಿಯನ್ನು ಬ್ಯಾಟರಿಯ ತಲೆಗೇ ಮುಟ್ಟಿಸಬೇಕು, ಅದರ ಮೇಲಿನ ಹಿಡಿಗಲ್ಲ. ಇಲ್ಲದಿದ್ದರೆ ಹಿಡಿಯದೇ ತೊಂದರೆಯಾಗಿದ್ದರೆ ಅದು ಮೀಟರಿಗೆ ಕಾಣದೆ ತಪ್ಪಿಸಿಕೊಳ್ಳುತ್ತದೆ.

ಬ್ಯಾಟರಿಯ ಪ್ಲಸ್ಸಿನಿಂದ ರಿಲೇವರೆಗೆ: ಏನೂ ಇಲ್ಲ. ರಿಲೇಯ ಎರಡು ಬೋಲ್ಟುಗಳ ನಡುವೆ: ಸುಮ್ಮನಿರುವಾಗ ಪೂರ್ತಿ 12.6, ಒತ್ತಿದಾಗ ಸೊನ್ನೆಗೆ ಸಮೀಪ. ಎಂದರೆ ಒಳಗಿನ ತಾಮ್ರ ಸರಿಯಾಗಿ ಕೂಡುತ್ತಿದೆ. ರಿಲೇಯಿಂದ ಮೋಟರಿಗೆ: ಏನೂ ಇಲ್ಲ. “ಎಲ್ಲ ಸರಿ ಉಂಟು, ಮೋಟರೇ ಹೋದದ್ದು,” ಎಂದ ಸೋತ ದನಿಯಲ್ಲಿ. ಮೆಕ್ಯಾನಿಕ್ಕೂ ಇಲ್ಲಿಗೇ ನಿಲ್ಲಿಸಿರಬೇಕು. ಬ್ಯಾಟರಿ ಸರಿ, ರಿಲೇ ಸರಿ, ಉಳಿದದ್ದು ಮೋಟರು. ತರ್ಕವೇನೂ ಕೆಟ್ಟದ್ದಲ್ಲ.

“ಬರುವ ದಾರಿ?” ಎಂದಳು ಮಗಳು.

“ಅದು ನೋಡಿದ್ದೇನೆ. ಕಪ್ಪು ಕೇಬಲಿನ ಎರಡು ತುದಿಗೆ ಮೀಟರ್ ಇಟ್ಟರೆ ಬೀಪ್ ಅನ್ನುತ್ತದೆ. ಕೇಬಲ್ ತುಂಡಾಗಿಲ್ಲ.”

“ಬೀಪ್ ಬೇಡ. ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ಬಟನ್ ಒತ್ತು.”

ಒಂದು ಕ್ಷಣ ಮೌನ. ಆಮೇಲೆ, “11.8” ಎಂದ. ಇನ್ನೊಮ್ಮೆ ಒತ್ತಿ ನೋಡಿದ. “11.8 ಅತ್ತೆ!”

ಬ್ಯಾಟರಿಯ ಹೆಚ್ಚುಕಡಿಮೆ ಪೂರ್ತಿ ಬಲ ಆ ಒಂದು ಮೊಳದ ಕಪ್ಪು ಕೇಬಲಿನಲ್ಲೇ ಮುಗಿದುಹೋಗುತ್ತಿತ್ತು. ಮೋಟರಿಗೆ ಸಿಗುತ್ತಿದ್ದುದು ಅರ್ಧ ವೋಲ್ಟು. ರಿಲೇಯ ಸಣ್ಣ ತಂತಿ ಬೇರೆ ದಾರಿಯಿಂದ ಮರಳುತ್ತಿದ್ದುದರಿಂದ ಅದು ಮಾತ್ರ ತನ್ನ ‘ಟಕ್’ ಹೇಳುತ್ತಲೇ ಇತ್ತು.

ಹಾಗಾದರೆ ಬೀಪ್ ಸುಳ್ಳು ಹೇಳಿತೇ? ಇಲ್ಲ. ನಮ್ಮ ಸ್ಟೇಷನ್ನಿನ ಸೇತುವೆಯನ್ನು ನೆನೆಸಿಕೊಳ್ಳಿ. ದುರಸ್ತಿಗೆಂದು ಮುಕ್ಕಾಲು ಭಾಗಕ್ಕೆ ತಗಡು ಅಡ್ಡ ಕಟ್ಟಿ, ಒಬ್ಬರು ನುಸುಳುವಷ್ಟು ಜಾಗ ಬಿಟ್ಟಿದ್ದಾರೆನ್ನಿ. ರಾತ್ರಿ ಒಂದು ಗಂಟೆಗೆ ನೀವು ಅಲ್ಲಿ ನಡೆದು ‘ದಾರಿ ಇದೆ’ ಎಂದರೆ ಅದು ನಿಜವೇ. ಬೆಳಿಗ್ಗೆ ಎಂಟೂವರೆಗೆ ಬಂದು ನೋಡಿ. ಬೀಪ್ ಪರೀಕ್ಷೆಯಲ್ಲಿ ಮೀಟರು ಕಳಿಸುವುದು ಎಳೆಯಷ್ಟು ಕರೆಂಟು, ಅದಕ್ಕೆ ಒಂದು ತಾಮ್ರದ ಎಳೆ ಉಳಿದಿದ್ದರೂ ಸಾಕು. ನೂರು ಆಂಪಿಯರಿಗೆ ಸಾಲದು.

ಕೇಬಲು ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಸಿ (ಯಾವಾಗಲೂ ಮೈನಸ್ಸೇ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು), ಇಂಜಿನ್ನಿನ ಕಡೆಯ ತುದಿಯನ್ನು ಬಗ್ಗಿಸಲು ಹೇಳಿದೆ. ಒಳಗೆ ಒಣ ಹಪ್ಪಳದಂತೆ ಕರಕರ ಎಂದಿತಂತೆ. ಕರಿಯ ಸಿಪ್ಪೆ ಸೀಳಿದರೆ ಹಸಿರು ಬಿಳಿ ಪುಡಿ, ನಾಲ್ಕೈದು ಎಳೆ ತಾಮ್ರ. ಲಗ್ಗಿನ ಸಂದಿಯಿಂದ ಉಪ್ಪುನೀರು ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿ, ನಾಲ್ಕು ತಿಂಗಳು ಕತ್ತಲಲ್ಲಿ ಕುಳಿತು ತಿಂದುಬಿಟ್ಟಿತ್ತು. ಫೋಟೋ ಕಳಿಸಿದ. ನಾನು ಕೆಟ್ಟ ಮಿಡಿ ಉಪ್ಪಿನಕಾಯಿಯ ಭರಣಿಯನ್ನೂ ಅಷ್ಟು ಬೇಸರದಿಂದ ನೋಡಿಲ್ಲ.

ಬಂದರಿನ ಹತ್ತಿರ ದೋಣಿಯ ವಯರಿಂಗ್ ಮಾಡುವವರೊಬ್ಬರು ಅದೇ ದಪ್ಪದ, ತವರ ಲೇಪಿಸಿದ ತಾಮ್ರದ ಕೇಬಲು ಕತ್ತರಿಸಿ, ಲಗ್ಗನ್ನು ಯಂತ್ರದಲ್ಲಿ ಒತ್ತಿ ಕೂರಿಸಿ, ತುದಿಗೆ ಬಿಸಿ ಮಾಡಿದರೆ ಬಿಗಿಯುವ ಕೊಳವೆ ಹಾಕಿಕೊಟ್ಟರು. ಆರುನೂರು ರೂಪಾಯಿ. ಇಂಜಿನ್ನಿನ ಮೈಯಲ್ಲಿ ಬೋಲ್ಟು ಕೂರುವ ಜಾಗವನ್ನು ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ಗ್ರೀಸು ಬಳಿದದ್ದಾಯಿತು.

ಸಂಜೆ ವೀಡಿಯೋ ಕರೆಯಲ್ಲಿ ಗುಂಡಿ ಒತ್ತಿದ. ಬ್ಯಾಟರಿ ಈಗ 10.8ಕ್ಕೆ ಇಳಿಯಿತು. ಇಳಿದದ್ದಕ್ಕೆ ನಾವು ಮೂವರೂ ಕುಣಿದೆವು, ನಮ್ಮವರಿಗೆ ಯಾಕೆಂದು ಅರ್ಥವಾಗಲಿಲ್ಲ. ಎರಡನೇ ಸಲಕ್ಕೆ ಇಂಜಿನು ಹೊತ್ತಿಕೊಂಡಿತು. ಕೂಡಲೇ ನಿಲ್ಲಿಸಿದ, ತಂಪಾಗಲು ಹೊರಗಿನ ನೀರು ಬೇಕಾದ ಇಂಜಿನ್ನನ್ನು ನೆಲದ ಮೇಲೆ ಓಡಿಸಬಾರದು. ಮರುದಿನ ನೀರಿಗೆ ಇಳಿಸಿ ಓಡಿಸುವಾಗ ಬ್ಯಾಟರಿಯ ಮೇಲೆ 14.1 ವೋಲ್ಟು. ಚಾರ್ಜಿಂಗೂ ಸರಿ ಇದೆ ಎಂದಾಯಿತು.

ಪಾಡ್ಯದ ದಿನದಿಂದ ಗಾಡಿ ಓಡಿತು. ಈಗ ಸಂಜೆ ಸಂಜೆ ಸಿಹಿನೀರಿನಲ್ಲಿ ತೊಳೆದು, ಸೀಟು ತೆಗೆದಿಟ್ಟು ಒಣಗಿಸುತ್ತಾನೆ. ಬರುವ ಜೂನಿನಲ್ಲಿ ಬ್ಯಾಟರಿಯನ್ನು ಹೊರತೆಗೆದು ಮನೆಯೊಳಗೆ ಇಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತೇನೆ ಎಂದಿದ್ದಾನೆ. ದುಡ್ಡು ಕೇಳಲಿಲ್ಲ. ಬದಲಿಗೆ ಮೊನ್ನೆ ಇಂಧನದ ಅಧ್ಯಾಯದ ಫೋಟೋ ಕಳಿಸಿದ್ದಾನೆ, ನಲವತ್ತೆರಡು ಪುಟ. ನನಗಲ್ಲ, ನೇರವಾಗಿ ಮಗಳಿಗೆ. ಅವಳು ‘ಥ್ರಾಟಲ್’ಗೆ ಕನ್ನಡದಲ್ಲಿ ಏನೆನ್ನುತ್ತಾರೆ ಅಂತ ನನ್ನನ್ನು ಕೇಳುತ್ತಿದ್ದಾಳೆ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ.