ಮನೆ ಮೇಲಿನ ಶೀಟಿಗೂ ಒಂದು ವಿಮೆ ಬೇಡವೇ?

ಭರಣಿ ಮಳೆ ಹೊತ್ತಿಗೆ ನಮ್ಮ ಕಡೆ ಮಳೆಗಿಂತ ಮೊದಲು ಗಾಳಿ ಬರುತ್ತೆ. ಚನ್ನರಾಯನದುರ್ಗ ಹೋಬಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಈ ಸಲದ ಗಾಳಿಗೆ ನಮ್ಮ ಚಿಕ್ಕಪ್ಪನ ಮನೆಯ ಎಂಟು ಶೀಟು ಹಾರಿ ಪಕ್ಕದ ಹೊಲಕ್ಕೆ ಬಿದ್ದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಒಳಗಿದ್ದ ರಾಗಿ ಮೂಟೆ ಮಾತ್ರ ನೆನೆದು ಮುದ್ದೆಯಾಯ್ತು (ತಿನ್ನೋ ಮುದ್ದೆ ಅಲ್ಲ :-) ).

ಬೆಂಗಳೂರಲ್ಲಿ ಕೂತು ಕೋಡ್ ಬರೆಯೋ ನಾನು ಫೋನಲ್ಲಿ ದೊಡ್ಡ ಬುದ್ಧಿವಂತನ ಹಾಗೆ, "ಮನೆಗೆ ಇನ್ಶೂರೆನ್ಸ್ ಮಾಡಿಸಬಾರದಿತ್ತಾ ಚಿಕ್ಕಪ್ಪ?" ಅಂದೆ. "ಕಡ್ಲೆಕಾಯಿಗೆ ಕಟ್ಟಿದೀನಲ್ಲಪ್ಪ, ಮನೆಗೂ ಕಟ್ಟಬೇಕಾ? ಗಾಳಿ ಬರದೇ ಇದ್ರೆ ದುಡ್ಡು ವಾಪಸ್ ಕೊಡ್ತಾರೇನ್ಲಾ?" ಅಂದರು.

ಕಡಲೆಕಾಯಿ ಮಾತು ತಲೇಲಿ ಕೂತುಬಿಡ್ತು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಕಡಲೆಕಾಯಿಗೆ ರೈತ ಕಟ್ಟೋದು ವಿಮಾ ಮೊತ್ತದ ಶೇ 2 ಮಾತ್ರ. ಕಂಪನಿ ಕೇಳೋ ದರ ಏರಿದರೆ ಆ ಭಾರ ಕೇಂದ್ರ, ರಾಜ್ಯ ಸರ್ಕಾರಗಳದ್ದು. (ಒಣಬೇಸಾಯದಲ್ಲಿ ಶೇ 30ರ ದರದವರೆಗೆ ಮಾತ್ರ ನನ್ನ ಪಾಲು ಅಂತ 2020ರಲ್ಲಿ ಕೇಂದ್ರ ಮಿತಿ ಹಾಕಿತು. ಅದು ಬೇರೆ ಜಗಳ.) ಜಿಎಸ್‌ಟಿಯೂ ಇಲ್ಲ.

ಅದೇ ರೈತನ ಮನೆ ವಿಷಯಕ್ಕೆ ಬನ್ನಿ. ಭಾರತ್ ಗೃಹ ರಕ್ಷಾ ಅನ್ನೋ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ, ಬಿರುಗಾಳಿಯೂ ಅದರಲ್ಲಿ ಸೇರಿದೆ. ಆದರೆ ಪೂರ್ತಿ ಪ್ರೀಮಿಯಂ ನಮ್ಮದೇ, ಮೇಲೆ ಶೇ 18 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ತೆರಿಗೆ ತೆಗೆದರು. ಮನೆ ವಿಮೆಯನ್ನ ಯಾಕೆ ಬಿಟ್ಟರೋ!

ವಿಮೆ ಇಲ್ಲದವನಿಗೆ ಉಳಿಯೋದು ಪರಿಹಾರ. 2022ರಲ್ಲಿ ಬಂದ ವಿಪತ್ತು ನಿಧಿ ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಅದೂ ಹಾನಿ ಶೇ 15 ದಾಟಿದರೆ. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಕೊಟ್ಟಿತ್ತು, ನಿಜ. ಆದರೆ ಊರಿಗೆ ಊರೇ ಮುಳುಗಿದಾಗ ಸಿಗೋ ಗಮನ ಒಂದು ಹೋಬಳಿಯ ನಾಲ್ಕು ಮನೆಗೆ ಸಿಗಲ್ಲ. ನಾಲ್ಕು ಸಾವಿರಕ್ಕೆ ಶೀಟು, ಸಾಗಣೆ, ಕೂಲಿ... ಲೆಕ್ಕ ನೀವೇ ಹಾಕಿ.

ಹಾಗಾಗಿ ನನ್ನ ವಾದ ಇಷ್ಟೇ: ಹಳ್ಳಿಯ ಸಣ್ಣ ಮನೆಗಳ ಗಾಳಿ ವಿಮೆಗೂ ಬೆಳೆ ವಿಮೆಯ ಹಾಗೆ ಸರ್ಕಾರ ಪಾಲು ಹಾಕಲಿ, ಮೊದಲು ಆ ಜಿಎಸ್‌ಟಿ ತೆಗೆಯಲಿ. ಇದೇನು ಹೊಸದಲ್ಲ. 1992ರ ಆಂಡ್ರ್ಯೂ ಚಂಡಮಾರುತದ ಹೊಡೆತಕ್ಕೆ ಫ್ಲೋರಿಡಾದಲ್ಲಿ ಹಲವು ವಿಮಾ ಕಂಪನಿಗಳು ಮುಳುಗಿದವು, ಉಳಿದವು ದರ ಏರಿಸಿದವು. ಕೊನೆಗೆ 2002ರಲ್ಲಿ ಆ ರಾಜ್ಯ ಸಿಟಿಜನ್ಸ್ ಅನ್ನೋ ತನ್ನದೇ ವಿಮಾ ಸಂಸ್ಥೆ ಕಟ್ಟಿತು. ವಿಮೆ ಅಗ್ಗವಾದರೆ ಜನ ಸಮುದ್ರದ ದಂಡೆಯಲ್ಲೇ ಬಂಗಲೆ ಕಟ್ತಾರೆ ಅಂತ ಅಲ್ಲಿ ಆಕ್ಷೇಪ ಇದೆ, ಅದು ಸರಿಯೇ. ಆದರೆ ನಮ್ಮಲ್ಲಿ ಅಗ್ಗದ ವಿಮೆ ಆಸೆಗೆ ಗಾಳಿ ಬೀಸೋ ಕಡೆ ಹುಡುಕಿ ಮನೆ ಕಟ್ಟೋರು ಯಾರಿದ್ದಾರೆ? ತಾತನ ಕಾಲದಿಂದ ಇದ್ದ ಜಾಗದಲ್ಲೇ ಇದ್ದಾರೆ.

ಚಿಕ್ಕಪ್ಪ ಸಾಲ ಮಾಡಿ ಹೊಸ ಶೀಟು ಹಾಕಿಸಿದ್ದಾರೆ. ಮೇಲೆ ಸಾಲಾಗಿ ದಪ್ಪ ಕಲ್ಲು ಹೇರಿದ್ದಾರೆ.